ಖಾಲಿ ಕೋಣೆಗಳ ಲೆಕ್ಕ

ಹೊದಿಕೆಯ ಮೇಲೆ ಹೊದಿಕೆ ಹೊದಿಸಿದರೂ ಅಮ್ಮನ ಕೈ ಬೆಚ್ಚಗಾಗಲಿಲ್ಲ. ಮಗಳು ಆ ಕೈ ಹಿಡಿದು ಕೂತಿದ್ದಳು. ಕಫ ಕಟ್ಟಿದ ಎದೆ ಗೊರಗೊರ ಎನ್ನುತ್ತಿತ್ತು. ನ್ಯುಮೋನಿಯಾ, ಇನ್ನು ಆಸ್ಪತ್ರೆಗೆ ಒಯ್ದು ದಣಿಸಬೇಡಿ ಎಂದು ಬೆಳಿಗ್ಗೆ ಡಾಕ್ಟರು ಹೇಳಿ ಹೋಗಿದ್ದರು.

ಲಕ್ವ ಹೊಡೆದ ಮೇಲೆ ಅಮ್ಮನಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಅವಳನ್ನು ಈ ಆರೈಕೆ ಕೇಂದ್ರಕ್ಕೆ ಸೇರಿಸೋಣ ಎಂದವಳು ಮಗಳೇ. ಇಲ್ಲಿನ ಹೀಟರು, ದೀಪಗಳೆಲ್ಲ ತಾವೇ ಹೊತ್ತಿ ತಾವೇ ಆರುವಂತೆ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿಕೊಟ್ಟವಳೂ ಅವಳೇ. ಇದು ನನ್ನ ಮಗಳ ಕಟ್ಟಡ ಎಂದು ಅಮ್ಮ ತೊದಲುತ್ತಲೇ ಎಲ್ಲರ ಮುಂದೆ ಜಂಭ ಕೊಚ್ಚಿಕೊಳ್ಳುತ್ತಿದ್ದಳಂತೆ.

"ನಾನು ಬಂದಾಗೆಲ್ಲ ರೂಮು ಬೆಚ್ಚಗೇ ಇರ್ತಿತ್ತು ಕಣೇ," ಎಂದ ಅಣ್ಣ. "ಆದ್ರೂ ಚಳಿ ಚಳಿ ಅಂತಿದ್ಲು. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡೆ." ಟೀ ತರುತ್ತೇನೆಂದು ಹೊರಟ.

ಅವನು ಹೋದ ಮೇಲೆ ಅವಳು ಅಲುಗಾಡದೆ ಅಮ್ಮನ ಮುಖವನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಹೀಟರು ಟಕ್ಕೆಂದು ಆರಿತು. ಕೆಟ್ಟಿತೇನೋ ಎಂದು ಎದ್ದಳು. ಎದ್ದದ್ದೇ ತಡ, ಮತ್ತೆ ಹೊತ್ತಿಕೊಂಡಿತು. ಚಾವಣಿಯ ಮೂಲೆಯಲ್ಲಿ ಅಲುಗಾಟ ಗುರುತಿಸುವ ಬಿಳಿ ಗುಂಡಿ ಇತ್ತು. ಅವಳು ತಲೆಯೆತ್ತಿ ಅದನ್ನೇ ನೋಡಿದಳು.

ಹಿಂದೊಮ್ಮೆ ಕಚೇರಿ ಕಟ್ಟಡಕ್ಕೆ ಮಾಡಿದ್ದ ಮಾದರಿಯನ್ನೇ ಅವಳು ಇಲ್ಲಿಗೂ ತಂದಿದ್ದಳು. ಅಲುಗಾಟವಿಲ್ಲದ ಕೋಣೆ ಖಾಲಿ, ಖಾಲಿ ಕೋಣೆಗೆ ಶಾಖ ದಂಡ. ಕಚೇರಿಗೇನೋ ಅದು ಸರಿಯೇ. ಎಂಥ ಮೈಗಳ್ಳನೂ ಕುರ್ಚಿಯಲ್ಲಿ ಮಿಸುಕಾಡುತ್ತಾನೆ. ಪರದೆಯ ಮೇಲೆ ಪರೀಕ್ಷಿಸುವಾಗಲೂ ಅವಳು ಕೋಣೆಗಳಿಗೆ ಬಿಟ್ಟ ಚುಕ್ಕೆಗಳಂಥ ಮನುಷ್ಯರೆಲ್ಲ ಓಡಾಡುವವರೇ. ಮಲಗಿಯೇ ಇರುವ ಒಂದು ಚುಕ್ಕೆಯನ್ನು ಇಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಆಗ ಅಮ್ಮ ಮನೆಯಲ್ಲಿ ಪಕ್ಕದ ಕೋಣೆಯಲ್ಲೇ ಹಾಸಿಗೆ ಹಿಡಿದಿದ್ದಳು.

ಹೋದ ತಿಂಗಳ ಸಭೆಯಲ್ಲಿ, ಎಲ್ಲಕ್ಕಿಂತ ಹೆಚ್ಚು ವಿದ್ಯುತ್ ಉಳಿಸಿದ ಕೋಣೆ ಇದು ಎಂದು ಗ್ರಾಫ್ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದಳು. ಗ್ರಾಫಿನಲ್ಲಿ ಬರೀ ಸಂಖ್ಯೆಗಳಿದ್ದವು. ಅದು ಯಾರ ಕೋಣೆಯೆಂದು ಅವಳು ನೋಡಿರಲಿಲ್ಲ. ಈಗ ಬಾಗಿಲ ಮೇಲಿನ ಸಂಖ್ಯೆ ನೋಡಿದಳು. ಅದೇ.

ತನ್ನ ಕಚೇರಿಗೆ ಫೋನ್ ಮಾಡಿ, ಎಲ್ಲ ಕೋಣೆಗಳ ಹೀಟರೂ ಸದಾ ಉರಿಯುವಂತೆ ಮಾಡಿ ಎಂದಳು. ಬದಲಿಸಲು ಗಂಟೆಯಾದರೂ ಬೇಕು ಎಂದರು.

ಅಣ್ಣ ಟೀ ಹಿಡಿದು ಬಂದ. "ಅಣ್ಣಾ, ಅಮ್ಮಂಗೆ ನಿಜವಾಗ್ಲೂ ಚಳಿ ಆಗ್ತಿತ್ತು," ಎಂದಳು. ಬಿಕ್ಕುತ್ತಲೇ ಎಲ್ಲ ಹೇಳಿಕೊಂಡಳು. ಅವನು ಬೈಯಲಿ ಎಂದು ಕಾದಳು. ಅವನು ಲೋಟಗಳನ್ನು ಕೆಳಗಿಟ್ಟು ಅಮ್ಮನತ್ತ ನೋಡಿದ.

"ಮೆತ್ತಗೆ ಮಾತಾಡು," ಎಂದ. "ಅವಳಿಗೆ ಇನ್ನೂ ಕೇಳಿಸುತ್ತೆ."

ಟೀ ಆರುವಷ್ಟರಲ್ಲಿ ಅಮ್ಮನ ಉಸಿರು ನಿಂತಿತು. ನರ್ಸನ್ನು ಕರೆಯಲು ಅಣ್ಣ ಹೊರಗೆ ಓಡಿದ. ಅವಳು ಕೂತಲ್ಲೇ ಕೂತಿದ್ದಳು. ಹೀಟರು ಟಕ್ಕೆಂದು ಆರಿತು. ಅವಳು ಒಂದು ಕೈಯಲ್ಲಿ ಅಮ್ಮನ ಕೈ ಹಿಡಿದುಕೊಂಡೇ ಇನ್ನೊಂದನ್ನು ಚಾವಣಿಯತ್ತ ಎತ್ತಿ ಬೀಸಿದಳು. ಹೀಟರು ಹೊತ್ತಿತು. ಅವಳು ಕೈ ಬೀಸುತ್ತಲೇ ಇದ್ದಳು.