ತುದಿ ಮುಚ್ಚದ ಕಡಬು

ಹಾಲಿನ ಪಾಕೀಟು ಇಡಲೆಂದು ಫ್ರಿಜ್ಜಿನ ಬಾಗಿಲು ತೆಗೆದ ಸುಗಲಾಬಾಯಿ, "ಅಯ್ಯಯ್ಯ!" ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ತಮ್ಮ ಭೀಮಣ್ಣನ ಚಿತೆಗೆ ಬೆಂಕಿ ಕೊಟ್ಟು ಬಂದ ಗಂಡಸರು ಹೊರಗೆ ಕೈಕಾಲು ತೊಳೆಯುತ್ತಿದ್ದರು.

"ದ್ರೌಪದೀ, ಇದೇನವಾ ಇದು? ಹಂದಿ ಖೀಮಾದ ಕಡಬು! ತಾಟ ತುಂಬ ಮಾಡಿ, ಒದ್ದಿ ಅರಬಿ ಹೊಚ್ಚಿ ಇಟ್ಟಾನ."

ದ್ರೌಪದಿ ಗೋಡೆಗೊರಗಿ ಕೂತಿದ್ದಳು. ಗಂಡ ಸತ್ತರೂ ಬೆಳಗಿನಿಂದ ಅವಳ ಕಣ್ಣಲ್ಲಿ ಹನಿ ನೀರಿಲ್ಲ. ಬಾಣಂತಿ ಮಗಳನ್ನು ನೋಡಿಕೊಳ್ಳಲು ಅಕ್ಕಲಕೋಟಕ್ಕೆ ಹೋಗಿದ್ದವಳು ಇವತ್ತು ಹೇಗೂ ಸೋಲಾಪುರಕ್ಕೆ ಬರುವವಳಿದ್ದಳು. ಬಂದಳು, ಹೆಣದ ಮುಂದೆ. ನಳದ ನೀರು ಬಂತೆಂದು ಪಕ್ಕದ ಮನೆಯ ಉಜ್ವಲಾ ಬಾಗಿಲು ಬಡಿದಾಗ ಭೀಮಣ್ಣ ಏಳಲೇ ಇಲ್ಲವಂತೆ. "ನೀ ಬಾ, ಎಲ್ಲಾ ತಯಾರಿ ಮಾಡಿ ಇಡತೀನಿ" ಎಂದು ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದ. ಏನು ತಯಾರಿ ಅಂತ ಕೇಳಲು ಮೊಮ್ಮಗು ಎಲ್ಲಿ ಬಿಟ್ಟೀತು? ಅದು ಕಿರುಚಿಕೊಂಡಿತು, ಇವಳು ಫೋನ್ ಇಟ್ಟುಬಿಟ್ಟಳು.

"ಎಲ್ಲಾದರದೂ ಒಂದೊಂದು ತುದಿ ಬಾಯಿ ತಕ್ಕೊಂಡೈತಿ ನೋಡು. ಅರ್ಧಾ ಕೆಲಸ ಬಿಟ್ಟ ಮಲಗ್ಯಾನ, ಪಾಪ," ಎಂದಳು ಸುಗಲಾಬಾಯಿ. "ಒಯ್ದು ಚೆಲ್ಲಿ ಬರತೀನಿ."

"ಅಕ್ಕಾ, ಮುಟ್ಟಬ್ಯಾಡ್ರಿ!"

ದ್ರೌಪದಿ ಎದ್ದು ಬಂದು ತಾಟನ್ನು ಕಸಿದುಕೊಂಡಳು.

*

ಭೀಮಣ್ಣ ಸೋಲಾಪುರದ ಚಾದರು ತುಂಬಿಕೊಂಡು ಬಂಗಾಳದ ಸಿಲಿಗುರಿಯವರೆಗೆ ಲಾರಿ ಓಡಿಸುತ್ತಿದ್ದವನು. ಅಲ್ಲೊಂದು ಧಾಬಾದಲ್ಲಿ ತಿಂದ ಈ ಕಡಬಿನ ಹುಚ್ಚು ಹತ್ತಿತ್ತು ನೋಡಿ, ಮನೆಗೆ ಬಂದಾಗಲೆಲ್ಲ ಮೈದಾ ನಾದಲು ಕೂರುತ್ತಿದ್ದ. ಮಾಂಸ ಸಣ್ಣಗೆ ಕೊಚ್ಚಿ, ಶುಂಠಿ, ಉಳ್ಳಾಗಡ್ಡಿ ತಪ್ಪಲು ಕಲಸಿ, ತೆಳ್ಳಗೆ ಲಟ್ಟಿಸಿದ ಹಾಳೆಯಲ್ಲಿ ತುಂಬಿ ನಿರಿಗೆ ಹಿಡಿಯುತ್ತ ಹೋಗುವುದು. ಆದರೆ ಲಾರಿಯ ಹಿಂದಿನ ಹಲಗೆ ಬಡಿದು ಅವನ ತೋರುಬೆರಳು ಅರ್ಧಕ್ಕೇ ಹೋಗಿತ್ತು. ಕೊನೆಯ ನಿರಿಗೆ ಏನು ಮಾಡಿದರೂ ಹಿಡಿತಕ್ಕೆ ಸಿಗುತ್ತಿರಲಿಲ್ಲ. ತವೆಯ ಮೇಲೆ ರಸವೆಲ್ಲ ಸೋರಿ ಕರಿಕಾಗುತ್ತಿತ್ತು.

"ಅಷ್ಟ ದೊಡ್ಡ ಲಾರಿ ಹೊಡೀತಿ, ಇಷ್ಟ ಬಾಯಿ ಮುಚ್ಚಾಕ ಬರೂದಿಲ್ಲೇನು?" ಎಂದು ದ್ರೌಪದಿ ಪಕ್ಕದಲ್ಲಿ ಕೂತು, ಕರ್ಜಿಕಾಯಿಯ ಅಂಚು ಮಡಚುವ ಹಾಗೆ ಪಟಪಟ ತುದಿ ಚಿವುಟಿದ್ದಳು.

"ಮುಚ್ಚಾಕ ನೀ ಅದೀಯಲ್ಲ," ಅಂದಿದ್ದ ಪುಣ್ಯಾತ್ಮ, ಹಲ್ಲು ಕಿಸಿದು.

ಅಂದಿನಿಂದ ಅದೇ ರೂಢಿಯಾಯಿತು. ಮಗಳು ಕೈಹಾಕಿದರೂ ಗದರುತ್ತಿದ್ದ, ಅದು ನಿಮ್ಮವ್ವನ ಕೆಲಸ ಎಂದು.

*

ದ್ರೌಪದಿ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅರ್ಧಾ ಬಿಟ್ಟ ಮಲಗಿಲ್ಲ ಅಕ್ಕಾ. ನಾ ಬರತೀನಂತ ಬಿಟ್ಟಾನ," ಎಂದವಳೇ ಎದೆ ಬಿರಿಯುವಂತೆ ಅತ್ತಳು.

ಸುಗಲಾಬಾಯಿಯೂ ಸೆರಗು ಬಾಯಿಗಿಟ್ಟುಕೊಂಡಳು. "ಖರೇ ಐತಿ ತಂಗಿ. ಆದ್ರ ಇವತ್ತ ಈ ಮನ್ಯಾಗ ಒಲಿ ಹೊತ್ತಸಂಗಿಲ್ಲ. ನಾಳಿಗೆ ಹಳಸತಾವ."

ಅಷ್ಟರಲ್ಲಿ ಉಜ್ವಲಾ ಝುಣಕಾ ಭಕ್ರಿಯ ಬುಟ್ಟಿ ಹಿಡಿದು ಬಂದಳು. ಸಾವಿನ ಮನೆಯವರಿಗೆ ನೆರೆಯವರು ತಮ್ಮ ಒಲೆಯಲ್ಲಿ ಬೇಯಿಸಿ ತಂದು ಉಣಿಸುವ ಕಹಿತುತ್ತು ಅದು. ಇಲ್ಲಿಯವರು ಕಡೂ ಘಾಸ ಅನ್ನುತ್ತಾರೆ. ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು.

"ಕಡೂ ಘಾಸ ಮಂದಿ ಒಲಿಮ್ಯಾಲ ಬೆಂದಿದ್ದರ ಆತಲ್ಲ, ಕಾಕು? ನಮ್ಮನಿ ಒಲಿ ಐತಿ. ಕೊಡ್ರಿ ಇಲ್ಲೆ."

"ಹೆಣ ಹೋದ ದಿನಾನ ಹಂದಿ ಅಂದ್ರ ಮಂದಿ ಏನಂದಾರು?" ಎಂದಳು ಸುಗಲಾಬಾಯಿ.

"ಕಾಕಾನ ಕೈ ಕಡಬು ತಿನ್ನಲಾರದ ಮಂದಿ ಈ ಓಣ್ಯಾಗ ಯಾರದಾರ್ರಿ?"

ಸುಗಲಾಬಾಯಿ ಹೊರಗೆ ಕೂತ ಗಂಡಸರ ಕಡೆ ನೋಡಿದಳು. ಆಮೇಲೆ ದನಿ ಇಳಿಸಿ, "ನನಗೂ ಒಂದಿಡು," ಎಂದಳು.

ದ್ರೌಪದಿ ಕಣ್ಣೊರೆಸಿಕೊಂಡು ಒಂದೊಂದೇ ತುದಿ ಚಿವುಟತೊಡಗಿದಳು. ಕೊನೆಯದನ್ನು ಎತ್ತಿದಾಗ ಅವಳ ಕೈ ನಿಂತಿತು. ಹಿಟ್ಟಿನ ಮೇಲೆ ಆ ಮೊಂಡು ಬೆರಳಿನ ಕುಳಿ ಇದ್ದಲ್ಲೇ ಇತ್ತು.

"ಇದೊಂದು ಹಿಂಗ ಇರಲಿ."

"ರಸಾ ಸೋರತೈತಿ, ಕಾಕು."

"ಸೋರಲಿ."

ಉಜ್ವಲಾ ಅವನ್ನು ಎಣ್ಣೆ ಹಾಕಿದ ತವೆಗಿಟ್ಟು, ತಳ ಕೆಂಪಾದ ಮೇಲೆ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ ತಂದಳು. ಸುಗಲಾಬಾಯಿ ಅದರಲ್ಲೇ ಚೆಂದ ಬೆಂದದ್ದೊಂದನ್ನು ಆರಿಸಿ ತಮ್ಮನ ಹೆಂಡತಿಯ ಬಾಯಿಗೆ ಹಿಡಿದಳು. ದ್ರೌಪದಿ ಆ ಕೈಯನ್ನು ಮೆಲ್ಲಗೆ ಸರಿಸಿ, ತಾಟಿನ ಅಂಚಿಗಿದ್ದ, ರಸವೆಲ್ಲ ಸೋರಿ ಕರಿಕಾದ ಆ ಒಂದನ್ನು ಎತ್ತಿಕೊಂಡಳು.