ಸೊಂಟದ ಕೆಂಪು ದಾರ

"ಕೈ ಚಾಚು. ಇನ್ನೂ ಮುಂದೆ ಚಾಚು. ನಾನೇನ್ ಕಚ್ತೀನಾ?"

ಗುಯ್‌ಫೆನ್ ಎರಡೂ ಕೈ ಚಾಚಿದಳು. ಫ್ಯಾಕ್ಟರಿಯಿಂದ ಬಂದಿದ್ದ ಹುಡುಗಿ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡಿದ್ದಳು. ಕೈ ಮುಟ್ಟಲು ಇಷ್ಟವಿಲ್ಲದೆ ಪೆನ್ನಿನ ತುದಿಯಲ್ಲೇ ಒಂದೊಂದು ಬೆರಳನ್ನು ಎತ್ತಿ ನೋಡಿದಳು.

"ಮುಷ್ಟಿ ಕಟ್ಟು. ಬಿಡು. ಕಟ್ಟು. ನಡುಗ್ತಾ ಇದೆಯಲ್ಲ?"

"ಚಳಿ ಕಣಮ್ಮ."

"ಅಮ್ಮ ಗಿಮ್ಮ ಅನ್ಬೇಡ. ಕುಕ್ಕರಗಾಲಲ್ಲಿ ಕೂತ್ಕೊ. ಏಳು. ಇನ್ನೊಂದ್ ಸಲ. ಯಾವ ಪ್ರಾಣಿ ವರ್ಷದವಳು ನೀನು?"

"ಎತ್ತಿನ ವರ್ಷ."

ಗುಯ್‌ಫೆನ್ ಥಟ್ಟನೆ ಹೇಳಿದಳು. ಗುವಾಂಗ್‌ಶಿಯ ಗುಡ್ಡದಿಂದ ಫ್ಯಾಕ್ಟರಿಗಳ ಊರಾದ ಡೊಂಗ್‌ಗ್ವಾನಿಗೆ ಬರುವ ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಅದನ್ನೇ ಜಪದ ಹಾಗೆ ಹೇಳಿಕೊಂಡು ಬಂದಿದ್ದಳು. ಅವಳ ಕೈಲಿದ್ದ ಗುರುತಿನ ಚೀಟಿ ಅವಳದಲ್ಲ, ತಂಗಿ ಸುಯಿಂಗಳದು. ಚೀಟಿಯ ಪ್ರಕಾರ ನಲವತ್ತೊಂದು, ಮೈಯ ಪ್ರಕಾರ ನಲವತ್ತೆಂಟು. ನಲವತ್ತೈದು ದಾಟಿದ ಹೆಂಗಸರನ್ನು ಈ ಊರಿನ ಯಾವ ಫ್ಯಾಕ್ಟರಿಯೂ ಒಳಗೆ ಬಿಡುವುದಿಲ್ಲ. ಚೀಟಿಯ ತಾರೀಖನ್ನು ಯಾರಾದರೂ ಉರುಹೊಡೆದು ಒಪ್ಪಿಸಿಯಾರು. ವರ್ಷಕ್ಕೊಂದರಂತೆ ಹನ್ನೆರಡು ಪ್ರಾಣಿ ಸುತ್ತಿ ಬರುವ ಲೆಕ್ಕದಲ್ಲಿ ಹುಟ್ಟಿದ ವರ್ಷದ ಪ್ರಾಣಿ ಮಾತ್ರ ಕೇಳಿದ ಕೂಡಲೇ ಬಾಯಿಂದ ತಾನೇ ಜಾರುತ್ತದೆ. ಅದಕ್ಕೇ ಫ್ಯಾಕ್ಟರಿಯವರು ಅದನ್ನು ಕೇಳುವುದು.

ಹುಡುಗಿ ಏನೋ ಬರೆದುಕೊಂಡಳು. ಮುಂದಿನವಳನ್ನು ಕರೆದಳು. ಹದಿನೈದು ವರ್ಷ ಬೂಟು ಹೊಲಿದ ಕೈಗಳ ಸಂದರ್ಶನ ಎರಡು ನಿಮಿಷಕ್ಕೆ ಮುಗಿಯಿತು.

ಹೊರಗೆ ಏಜೆಂಟ್ ಫಾಂಗ್ ಹಬ್ಬದ ಸಿಹಿ ತುಂಬಿ ಬಂದಿದ್ದ ತಗಡಿನ ಡಬ್ಬಿ ಹಿಡಿದು ನಿಂತಿದ್ದ. ಎಲ್ಲರ ಚೀಟಿಯೂ ಅದರೊಳಗೆ ಬಿತ್ತು.

"ಮೂರು ದಿನದೊಳಗೆ ಫೋನ್ ಬರುತ್ತೆ. ಬಂದೋರು ಬ್ಯಾಗ್ ಎತ್ಕೊಂಡು ಹೊರಡಿ. ಬರದೋರು ನನ್ನ ತಲೆ ತಿನ್ಬೇಡಿ."

"ಅಲ್ಲೀವರ್ಗೂ ಚೀಟಿ ಕೊಡಿ ಯಜಮಾನ್ರೆ," ಎಂದಳು ಯಾಮೈ. ಅವಳು ಪಕ್ಕದ ಕಣಿವೆಯವಳು. ಬಸ್ಸಿನಲ್ಲಿ ಒಂದೇ ಸೀಟು ಹಂಚಿಕೊಂಡು ಬಂದವಳು.

"ಕೊಟ್ರೆ ಇನ್ನೊಬ್ಬ ಏಜೆಂಟ್ ಹತ್ರ ಓಡ್ತೀರ. ನನಗೇನ್ ಹುಚ್ಚಾ?"

ಚೀಟಿಯಿಲ್ಲದೆ ಬೇರೆ ಫ್ಯಾಕ್ಟರಿಯ ಬಾಗಿಲಿಗೂ ಹೋಗುವಂತಿಲ್ಲ, ಊರಿಗೆ ರೈಲು ಹತ್ತುವಂತೆಯೂ ಇಲ್ಲ. ಫಾಂಗನ ಅಂಗಳದ ಹಿಂದಿನ ತಗಡಿನ ಕೋಣೆಯಲ್ಲಿ ಮೂವತ್ತು ಹೆಂಗಸರು ಮಂಚದ ಮೇಲೆ ಮಂಚ ಹಾಕಿಕೊಂಡು ಕಾದರು.

ಕಾಯುವುದೂ ಒಂದು ಕೂಲಿಯೇ, ಸಂಬಳವಿಲ್ಲದ್ದು ಅಷ್ಟೆ. ಗುಯ್‌ಫೆನ್ ಕಕ್ಕಸಿಗೂ ಫೋನ್ ಹಿಡಿದುಕೊಂಡೇ ಹೋದಳು. ಗಂಜಿ ಕುಡಿಯುವಾಗ ಬಟ್ಟಲಿನ ಪಕ್ಕ ಇಟ್ಟುಕೊಂಡಳು. ಯಾರದೋ ಫೋನ್ ಗುಣುಗಿದರೂ ಮೂವತ್ತು ಕೈಗಳು ಮೂವತ್ತು ಜೇಬಿಗೆ ಹೋಗುತ್ತಿದ್ದವು. ಮೊದಲ ದಿನ ಇಪ್ಪತ್ತರ ಹರೆಯದವರೆಲ್ಲ ಹೋದರು. ಎರಡನೆಯ ದಿನ ಮೂವತ್ತು ದಾಟಿದವರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು.

ಅಷ್ಟರಲ್ಲಿ ಫಾಂಗ್ ಇವರನ್ನು ಸುಮ್ಮನೆ ಕೂರಿಸಲಿಲ್ಲ. ಅಂಗಳ ಗುಡಿಸಲು ಹಚ್ಚಿದ. ಹೆಂಡತಿಯ ಹೋಟೆಲಿನ ಪಾತ್ರೆ ತೊಳೆಸಿದ. "ಕೈ ನೀಡಿದೋರ ಹೆಸರು ಮೊದಲು ಕಳಿಸ್ತೀನಿ" ಎಂಬ ಒಂದು ಮಾತಿಗೆ ಹೆಂಗಸರು ಬೆನ್ನು ಮುರಿದುಕೊಂಡರು.

ಬೆಳಿಗ್ಗೆ ಅವನು ಹೊಸ್ತಿಲ ಪಕ್ಕದ ಭೂಮಿದೇವರ ಪುಟ್ಟ ಗೂಡಿಗೆ ಕಿತ್ತಳೆ ಇಟ್ಟು, ಊದುಬತ್ತಿ ಹಚ್ಚಲು ಬಗ್ಗಿದಾಗ ಅಂಗಿ ಮೇಲೆ ಸರಿಯಿತು. ಹೊಟ್ಟೆಯ ಕೆಳಗೆ ಹೊಚ್ಚಹೊಸ ಕೆಂಪು ಬೆಲ್ಟ್.

"ಇವ್ನೂ ಕುದ್ರೆ ವರ್ಸದವ್ನೇ ಕಣಕ್ಕ," ಎಂದು ಯಾಮೈ ಪಿಸುಗುಟ್ಟಿದಳು. "ನಮ್ ಓರ್ಗೆಯವ್ನು. ಹೆಂಗ್ ಊದ್ಕಂಡವ್ನೆ ನೋಡು ಬಡ್ಡಿಮಗ."

ಇಬ್ಬರೂ ನೆಲ ನೋಡಿಕೊಂಡು ನಕ್ಕರು. ಅದು ಕುದುರೆಯ ವರ್ಷ. ಹುಟ್ಟಿದ ಪ್ರಾಣಿಯ ವರ್ಷ ಹನ್ನೆರಡು ವರ್ಷಕ್ಕೊಮ್ಮೆ ತಿರುಗಿ ಬಂದಾಗ ಕಂಟಕವೂ ಹುಡುಕಿಕೊಂಡು ಬರುತ್ತದೆ. ಆ ವರ್ಷ ಪೂರ್ತಿ ಮೈಮೇಲೆ ಎಲ್ಲಾದರೂ ಕೆಂಪು ಇರಬೇಕು. ಬೇರೆಯವರ ಚೀಟಿಯಲ್ಲೇ ಬಂದಿದ್ದ ಯಾಮೈ ರಬ್ಬರ್ ಬೂಟಿನೊಳಗೆ ಕೆಂಪು ಕಾಲುಚೀಲ ಹಾಕಿದ್ದಳು. ಗುಯ್‌ಫೆನಳ ಸೊಂಟದಲ್ಲಿ ಅವ್ವ ಕಟ್ಟಿದ ಕೆಂಪು ದಾರವಿತ್ತು.

"ಬಿಚ್ಚಾಕಕ್ಕ ಅದ," ಎಂದಿದ್ದಳು ಯಾಮೈ ಬಸ್ಸಿನಲ್ಲೇ.

"ಅವ್ವ ಕಟ್ಟಿರದು. ಅವ್ನ ಉಸ್ರು ಅದ್ರಾಗೇ ನಿಂತದೆ ಅನ್ಸ್ತದೆ ಕಣೆ. ಸೊಂಟ ಯಾರ್ ನೋಡಾರು?"

ಅವನು ಎಂದರೆ ಗಂಡ. ಇಪ್ಪತ್ತು ವರ್ಷ ರೈಲಿನ ಸುರಂಗಕ್ಕೆ ಬಂಡೆ ಕೊರೆದ. ಆ ಧೂಳೆಲ್ಲ ಈಗ ಅವನ ಎದೆಯಲ್ಲಿ ಕಲ್ಲಾಗಿ ಕೂತಿದೆ. ಎರಡನೆಯ ದಿನ ಸಂಜೆ ಅವನೇ ಫೋನ್ ಮಾಡಿದ. ಮೊದಲು ಕೇಳಿಸಿದ್ದು ಉಸಿರಿನ ಮೆಷೀನಿನ ಸದ್ದು, ಆಮೇಲೆ ಅವನ ದನಿ.

"ಹೇಳುದ್ರಾ?"

"ಇನ್ನೂ ಇಲ್ಲ. ನಾಳೆ ಅಂದವ್ರೆ. ನೀನ್ ಫೋನ್ ಮಾಡ್ಬ್ಯಾಡ, ಲೈನ್ ಸಿಗ್ನಿಲ್ಲ ಅಂತ ಅವ್ರು ಬ್ಯಾರೆಯವ್ರ್ಗೆ ಕೊಟ್ಬುಟ್ಟಾರು."

"ಸಿಗ್ದಿದ್ರೆ... ಬಂದ್ಬುಡು. ನಂದೇನು... ಇನ್ನೆಷ್ಟ್ ದಿನ."

"ಬಾಯ್ ಮುಚ್ಕಂಡು ಉಸ್ರಾಡು," ಎಂದು ಗದರಿಸಿ ಫೋನ್ ಇಟ್ಟಳು. ಇಟ್ಟ ಮೇಲೆ ಮಂಚದ ಕಬ್ಬಿಣಕ್ಕೆ ಹಣೆ ಒತ್ತಿ ಅತ್ತಳು. ಬೂಟಿನ ಫ್ಯಾಕ್ಟರಿಯವರು ವಯಸ್ಸಾಯಿತೆಂದು ಹೊರಗೆ ಹಾಕಿದಾಗಲೂ ಅವಳು ಅತ್ತಿರಲಿಲ್ಲ. ಈ ಕೆಲಸ ತಪ್ಪಿದರೆ ಬಾಡಿಗೆಗೆ ಮೆಷೀನು ಕೊಟ್ಟವರು ಬಂದು ಅದನ್ನು ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ಅವನಿಗೆ ಉಳಿಯುವುದು ಬರೀ ಬಾಯಿ.

ಮೂರನೆಯ ದಿನ ಹನ್ನೊಂದು ಜನ ಉಳಿದಿದ್ದರು. ಲಾರಿಯಲ್ಲಿ ಕುಡಿಯುವ ನೀರಿನ ಕ್ಯಾನುಗಳು ಬಂದವು. ಫಾಂಗ್ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ.

"ಏ ಎತ್ತು! ಎತ್ತಿನ ವರ್ಷದವಳಲ್ವಾ ನೀನು? ಹೊರು ಮತ್ತೆ."

ಗುಯ್‌ಫೆನ್ ಓಡಿದಳು. ಕ್ಯಾನನ್ನು ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿದಳು. ನಾಲ್ಕನೆಯದನ್ನು ಏರಿಸುವಾಗ ಅಂಗಿ ಕ್ಯಾನಿನ ಜೊತೆ ಮೇಲೆ ಹೋಯಿತು.

ಬೀಜ ಒಡೆಯುವ ಸದ್ದು ನಿಂತಿತು.

"ಅಲ್ಲೇ ನಿಲ್ಲು. ಇಳಿಸಬೇಡ. ಹಾಗೇ ನಿಲ್ಲು."

ಫಾಂಗ್ ಎದ್ದು ಬಂದ. ಅವಳು ಎರಡೂ ಕೈಯಲ್ಲಿ ಕ್ಯಾನು ಹಿಡಿದಿದ್ದಳು, ಅಂಗಿ ಎಳೆದುಕೊಳ್ಳಲು ಕೈಯಿರಲಿಲ್ಲ. ಅವನು ದಾರಕ್ಕೆ ಬೆರಳು ಹಾಕಿ ಎಳೆದ. ಎಲ್ಲರೂ ನೋಡುತ್ತಿದ್ದರು.

"ಕುದುರೆ ವರ್ಷದಲ್ಲಿ ಎತ್ತು ಯಾಕೇ ಕೆಂಪು ಕಟ್ಕೊಳ್ಳುತ್ತೆ? ಬೊಗಳು. ಮೂವತ್ತಾರೋ ನಲವತ್ತೆಂಟೋ? ಮೂವತ್ತಾರು ಅಂದ್ಬಿಟ್ಟೀಯ, ಆ ಮೋರೆಗೆ ನಾಯಿನೂ ನಂಬಲ್ಲ."

ಗುಯ್‌ಫೆನ್ ಕ್ಯಾನು ಇಳಿಸಿದಳು. "ನಲವತ್ತೆಂಟು, ಯಜಮಾನ್ರೆ. ತಪ್ಪಾಯ್ತು. ಕೆಲ್ಸದಾಗೆ ತಪ್ಪಿದ್ರೆ ಹೊಡೀರಿ. ಗಂಡ ಸಾಯ್ತಾ ಅವ್ನೆ."

"ನಿನ್ನ ಗಂಡನ್ನ ನಾನು ಕಟ್ಕೊಂಡಿದೀನಾ? ಹಲ್ಕಾ ಮುಂಡೆ, ಫ್ಯಾಕ್ಟರಿ ಮುಂದೆ ನನ್ನ ಹೆಸರು ಹಾಳು ಮಾಡೋಕೆ ಬಂದಿದೀಯಲ್ಲ." ಡಬ್ಬಿಯಿಂದ ಸುಯಿಂಗಳ ಚೀಟಿ ಹುಡುಕಿ ಎರಡು ಬೆರಳಲ್ಲಿ ಹಿಡಿದ. ಆಮೇಲೆ ಉಳಿದ ಹತ್ತು ಹೆಂಗಸರ ಕಡೆ ತಿರುಗಿದ. ದನಿ ತಣ್ಣಗಾಯಿತು. "ಇಂಥವರು ಇನ್ನೂ ಇದಾರೆ ಇಲ್ಲಿ. ನಿಮಗೆ ನಿಮಗೇ ಗೊತ್ತಿರುತ್ತೆ. ಏ ಎತ್ತು, ನೀನೇ ಒಬ್ಬಳನ್ನ ತೋರಿಸು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯೋಕೆ ಹಾಕಿಸ್ತೀನಿ. ಅಲ್ಲಿ ವಯಸ್ಸು ಕೇಳಲ್ಲ. ಇವತ್ತೇ."

ಇವತ್ತೇ ಎಂದ. ಒಂದು ಬೆರಳು ಎತ್ತಿದರೆ ಸಾಕು, ಗಂಡನ ಉಸಿರು ಉಳಿಯುತ್ತದೆ. ಗುಯ್‌ಫೆನಳ ಕಣ್ಣು ತಾನಾಗಿಯೇ ರಬ್ಬರ್ ಬೂಟಿನ ಕಡೆ ಹೋಯಿತು. ಯಾಮೈ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಸರಿಸಿಕೊಂಡಳು. ಅವಳ ತುಟಿ ಬಿಳಿಚಿತ್ತು. ತೋರಿಸಬೇಕೆಂದು ಗುಯ್‌ಫೆನಳಿಗೆ ಅನ್ನಿಸಿತು. ಹೌದು, ಅನ್ನಿಸಿತು. ಯಾಮೈಗೂ ಊರಲ್ಲಿ ಯಾರೋ ಕಾಯುತ್ತಿದ್ದಾರೆ, ಇರಲಿ, ನನಗೇನು ಎಂದೂ ಅನ್ನಿಸಿತು.

"ತೋರಿಸೇ!"

ಅವಳು ಬೆರಳು ಎತ್ತಿದಳು. ಯಾಮೈ ಕಣ್ಣು ಮುಚ್ಚಿಕೊಂಡಳು.

ಬೆರಳು ಫಾಂಗನ ಹೊಟ್ಟೆಯ ಎದುರು ನಿಂತಿತು.

"ಇಲ್ಲೈತಲ್ಲ ಒಂದು. ಅಂಗಿ ಎತ್ತು, ಎಲ್ರೂ ನೋಡ್ಲಿ. ನಂಗೂ ನಲವತ್ತೆಂಟು, ನಿಂಗೂ ನಲವತ್ತೆಂಟು. ನಾನು ಮೂರ್ ದಿನದಿಂದ ನಿನ್ ಎಂಡ್ರು ಪಾತ್ರೆ ತಿಕ್ತಾ ಇವ್ನಿ, ನೀನು ಕೂತ್ಕಂಡು ಬೀಜ ಮುಕ್ತಾ ಇದ್ದೀಯ. ವಯಸ್ಸಾದೋರ್ನ ಈಚ್ಗಾಕೋದಾದ್ರೆ ಮೊದ್ಲು ನೀನ್ ನಡೀಲಾ."

ಯಾರೋ ಫಕ್ಕನೆ ನಕ್ಕರು. ಲಾರಿಯ ಡ್ರೈವರೂ ನಕ್ಕ. ಹತ್ತು ಹೆಂಗಸರ ನಗು ತಗಡಿನ ಕೋಣೆಗೆ ಬಡಿದು ವಾಪಸು ಬಂತು. ಫಾಂಗನ ಎಡಗೈ ಅವನಿಗೆ ಗೊತ್ತಿಲ್ಲದೆಯೇ ಅಂಗಿಯ ಅಂಚನ್ನು ಬೆಲ್ಟಿನ ಮೇಲೆ ಕೆಳಗೆಳೆಯಿತು.

"ಪೊಲೀಸರಿಗೆ ಹೇಳ್ತೀನಿ! ಕಳ್ಳ ಚೀಟಿ ಅಂತ ಒಳಗೆ ಹಾಕಿಸ್ತೀನಿ!"

"ಹೇಳು. ಮೂವತ್ ಜನ್ರ ಚೀಟಿ ಡಬ್ಬೀಲಿ ಯಾಕ್ ಮಡಗಿದ್ದೆ ಅಂತ್ಲೂ ಹೇಳು."

ಅವಳು ಕೈ ಚಾಚಿದಳು. ಮೂರು ದಿನದ ಹಿಂದೆ ಆ ಹುಡುಗಿಯ ಪೆನ್ನಿನ ಮುಂದೆ ಚಾಚಿದ್ದ ಅದೇ ಕೈ.

"ಕೊಡು ಚೀಟಿ. ನನ್ ತಂಗೀದು."

ಫಾಂಗ್ ಕೊಡಲಿಲ್ಲ. ಹಿಂದಕ್ಕೆ ಹೆಜ್ಜೆಯನ್ನೂ ಇಡಲಿಲ್ಲ. ಅಷ್ಟರಲ್ಲಿ ಗುಯ್‌ಫೆನಳ ಜೇಬಿನ ಫೋನ್ ಹೊಡೆದುಕೊಳ್ಳತೊಡಗಿತು. ಫ್ಯಾಕ್ಟರಿಯದೋ, ಊರಿನದೋ. ಎಲ್ಲರ ಕಣ್ಣೂ ಅವಳ ಜೇಬಿನ ಮೇಲೆ ಬಿತ್ತು. ಯಾಮೈ "ಅಕ್ಕಾ, ಫೋನು" ಎಂದಳು.

ಅವಳು ಕೈ ಇಳಿಸಲಿಲ್ಲ. ಕೈ ಈಗ ನಡುಗುತ್ತಲೂ ಇರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.