ನೆಲಬೇವು ತಿನ್ನುವ ಅತ್ತೆ

ಆ ಮನೆಯಲ್ಲಿ ಮೌನ ಎನ್ನುವುದು ನೆಲಬೇವು ಬಲಿಯುವ ವಾರಗಳಲ್ಲಿ ಮಾತ್ರ ಸಿಗುತ್ತಿದ್ದ ಪದಾರ್ಥ. ಅತ್ತೆ ಬೆಳಗ್ಗೆ ಮುಖ ತೊಳೆದವರೇ ಹಿತ್ತಲ ತೋಟಕ್ಕೆ ಹೋಗಿ, ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. “ಇನ್ನೂ ಇಲ್ಲ” ಎಂದರೆ ಕುಡುಗೋಲು ಮೊಳೆಯಲ್ಲೇ ತೂಗಾಡಬೇಕು. ಕಹಿಗೆ ಮುಖ ಕಿವುಚಿಕೊಂಡು ಕಾಲು ಗಂಟೆ ತುಟಿ ಬಿಚ್ಚದೆ ಕೂತರೆಂದರೆ, ಗಿಡ ಕೊಯ್ಲಿಗೆ ಬಂತು ಎಂದರ್ಥ. ಸೊಸೆಗೆ ಆ ಕಾಲು ಗಂಟೆ ಬಹಳ ಇಷ್ಟವಾಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಮದುವೆಯಾದ ಹೊಸದರಲ್ಲಿ ಅವಳು ಒಮ್ಮೆ, ಮೊಗ್ಗು ನೋಡಿಯೇ ಕೊಯ್ಯಬಹುದಲ್ಲ ಎಂದು ಕೇಳಿದ್ದಳು. ಒಂದೇ ದಿನ ಬಿತ್ತಿದ ಗಿಡಗಳೂ ಬಿಸಿಲಲ್ಲೊಂದು ಥರ, ನೆರಳಲ್ಲೊಂದು ಥರ ಬೆಳೆಯುತ್ತವೆ, ಕಣ್ಣನ್ನು ನಂಬಬೇಡ ಎಂದು ಅತ್ತೆ ಮೂಗು ಮುರಿದಿದ್ದರು. ಔಷಧಿ ಕಾರ್ಖಾನೆಯವರಿಗೆ ಇಪ್ಪತ್ತು ವರ್ಷ ಒಣಗಿದ ಸೊಪ್ಪು ಕಳಿಸಿದ್ದರೂ ಒಂದು ಚೀಲವೂ ವಾಪಸ್ ಬಂದಿರಲಿಲ್ಲ.

ಈ ವರ್ಷ ವಾಪಸ್ ಬಂತು. ಮೂರು ಪಾತಿಗಳಲ್ಲಿ ಮೊದಲಿನದೂ ಹೋಯಿತು, ಎರಡನೆಯದೂ ಹೋಯಿತು. ಕಾರ್ಖಾನೆಯ ಲ್ಯಾಬಿನ ಕನ್ನಡಕದ ಹುಡುಗಿ ಚೀಲದಿಂದ ಒಂದು ಹಿಡಿ ತೆಗೆದು ವಿಚಾರಿಸಲು ಹೋದ ಸೊಸೆಯ ಮುಂದೆ ಮೇಜಿನ ಮೇಲೆ ಹರಡಿದಳು.

“ನೋಡಿ ಅಕ್ಕಾ, ಇದರಲ್ಲಿ ಕಾಯಿ ಇದೆ. ಮೊಗ್ಗು ಮೂಡೋ ಹೊತ್ತಲ್ಲಿ ಎಲೇಲಿ ಸತ್ವ ತುಂಬಿರುತ್ತೆ. ಹೂ ಬಿಟ್ಟು ಕಾಯಿ ಕಟ್ಟೋಕೆ ಶುರುವಾದ್ರೆ ಇಳಿದುಹೋಗುತ್ತೆ. ನೀವು ತಡ ಮಾಡಿದ್ದೀರಿ.”

“ನಮ್ಮತ್ತೆ ತಡ ಮಾಡೋರಲ್ಲ.”

“ಮೂರನೇದೂ ಹೀಗೇ ಬಂದ್ರೆ ಮುಂದಿನ ವರ್ಷದಿಂದ ಬೇರೆಯವರ ಹತ್ರ ತಗೊಳ್ತಾರಂತೆ. ನನಗೂ ಬೇಜಾರೇ.”

ಮನೆಗೆ ಬಂದು ಹೇಳಿದರೆ ಅತ್ತೆ ಯಾರಿಗೆ ಸೊಪ್ಪು ಹಾಕುತ್ತಾರೆ? ಆ ಹುಡುಗಿಯ ಯಂತ್ರ ಕೆಟ್ಟಿದೆ ಎಂದು ಎದ್ದುಹೋದರು.

ಮರುದಿನ ಬೆಳಗ್ಗೆ, ಎಲ್ಲಕ್ಕಿಂತ ತಡವಾಗಿ ಬಿತ್ತಿದ ಮೂರನೆಯ ಪಾತಿ. ಅತ್ತೆ ಎಲೆ ಅಗಿಯುತ್ತಾ, ಪಕ್ಕದ ಮನೆಯವರು ಏಣಿ ಇಸಕೊಂಡು ಹೋಗಿ ಅದಕ್ಕೆ ನೀಲಿ ಬಣ್ಣ ಬಳಿದು ತಮ್ಮದೇ ಅನ್ನುವ ಹಾಗೆ ಇಟ್ಟುಕೊಂಡ ಕಥೆಯನ್ನು ರಸವತ್ತಾಗಿ ಹೇಳಿದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇನ್ನೂ ಇಲ್ಲ” ಎಂದು ಅತ್ತೆ ಒಳಗೆ ಹೋದರು. ಆಗ ಸೊಸೆಗೆ ಥಟ್ಟನೆ ಹೊಳೆಯಿತು. ಬಾಯಿ ತುಂಬ ನೆಲಬೇವು ಇಟ್ಟುಕೊಂಡು ಅತ್ತೆ ಇಷ್ಟು ಮಾತಾಡಿದ್ದು ಹೇಗೆ?

ಅವಳೇ ಒಂದೆಲೆ ಕಿತ್ತು ಅಗಿದಳು. ಕಹಿ ಕಿವಿಯವರೆಗೂ ಏರಿತು. ಈ ವರ್ಷ ಅತ್ತೆ ಒಂದು ದಿನವೂ ಮುಖ ಕಿವುಚಿರಲಿಲ್ಲ, ಎರಡು ಪಾತಿಗೂ ಬರೀ “ಕೊಯ್ಯಿ” ಎಂದು ಬಾಯಲ್ಲೇ ಹೇಳಿದ್ದರು. ತಾನು ಮಾತಿನ ಗುಂಗಿನಲ್ಲಿ ಅದನ್ನು ಗಮನಿಸಿರಲೇ ಇಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತು ಕಂತೆ ಕಟ್ಟುವ ದಾರದ ಸಿಕ್ಕು ಬಿಡಿಸುತ್ತಿದ್ದರು. ಸೊಸೆ ಸುತ್ತಿ ಬಳಸಿ ಮಾತಾಡುವವಳಲ್ಲ.

“ಅತ್ತೆ, ನಾಲಿಗೆಗೆ ರುಚಿ ತಿಳೀತಿಲ್ಲ ಅಲ್ವಾ?”

ಅತ್ತೆ ತಲೆ ಎತ್ತಲಿಲ್ಲ. “ಕೊಯ್ಲಿಗೆ ಮುಂಚೆ ಜ್ವರ ಬಂದು ಮಲಗಿದ್ದೆನಲ್ಲ, ಆವತ್ತಿನಿಂದ ಇಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಕಣ್ಣು ಮಂಜಾಯ್ತು, ಮೊಣಕಾಲು ಬಗ್ಗಲ್ಲ. ಇದೂ ಇಲ್ಲ ಅಂದ್ರೆ ತೋಟದಲ್ಲಿ ನನಗೇನಮ್ಮ ಕೆಲಸ?”

ಸೊಸೆಗೆ ಸಿಟ್ಟು ನೆತ್ತಿಗೇರಿತು. ಎರಡು ಪಾತಿಯ ದುಡಿಮೆ ಗೊಬ್ಬರದ ಗುಂಡಿ ಸೇರಿತ್ತು. ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯದೆ ಅವಳು ಪಕ್ಕದಲ್ಲಿ ಕೂತಳು.

“ನನ್ನ ನಾಲಿಗೆ ಚೆನ್ನಾಗೇ ಇದೆ. ಆದ್ರೆ ನನಗೆ ಕಹಿ ಅಂದ್ರೆ ಎಲ್ಲಾ ಕಹಿ. ಎಷ್ಟಾದ್ರೆ ಸರಿ ಅಂತ ನೀವೇ ಹೇಳ್ಬೇಕು.”

ಅತ್ತೆ ದಾರ ಬಿಟ್ಟು ಅವಳನ್ನು ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದರು.

ಆ ಬೆಳಗ್ಗೆ ಇಬ್ಬರೂ ಗಿಡದಿಂದ ಗಿಡಕ್ಕೆ ನಡೆದರು. ಸೊಸೆ ಅಗಿಯುವುದು, ಅತ್ತೆ ಪ್ರಶ್ನೆ ಹಾಕುವುದು.

“ಮೊದಲು ಎಲ್ಲಿ ಹತ್ತಿತು?”

“ನಾಲಿಗೆ ಬುಡಕ್ಕೆ.”

“ನೀರು ಕುಡಿ. ಹೋಯ್ತಾ?”

“ಇಲ್ಲ, ಜಾಸ್ತಿ ಆಯ್ತು.”

“ಅನ್ನ ತಿನ್ನೋಕೆ ಮನಸ್ಸಿದೆಯಾ?”

“ಇನ್ನೊಂದು ವರ್ಷ ಬೇಡ.”

“ಹಾಗಾದ್ರೆ ಬಿಸಿಲಿನ ಸಾಲು ಈಗಲೇ ಕೊಯ್ಯಿ. ನೆರಳಿನ ಸಾಲು ದಿನಾ ತಿಂದು ನೋಡೋಣ.”

ನೆರಳಿನ ಸಾಲು ಮೂರು ದಿನ ಸತಾಯಿಸಿತು. ಮೂರೂ ದಿನ ಸೊಸೆ ಅಗಿದಳು, ಉಗಿದಳು, ಗಂಡನ ಮೇಲೆ ಕಾರಣವಿಲ್ಲದೆ ರೇಗಿದಳು. ಅತ್ತೆ ಮಾತ್ರ ಹತ್ತು ವರ್ಷ ಚಿಕ್ಕವರಾದವರಂತೆ ಓಡಾಡಿದರು.

ಚೀಲ ಹೋಗಿ ಎಂಟು ದಿನಕ್ಕೆ ಕನ್ನಡಕದ ಹುಡುಗಿಯ ಫೋನ್ ಬಂತು. ಸೊಪ್ಪು ಪಾಸಾಗಿತ್ತು, ಮುಂದಿನ ವರ್ಷವೂ ಕಳಿಸಬಹುದಂತೆ. ಸೊಸೆ ಓಡಿಹೋಗಿ ಅತ್ತೆಗೆ ಸುದ್ದಿ ಹೇಳಿದಳು.

“ಯಂತ್ರ ರಿಪೇರಿ ಮಾಡಿಸಿರಬೇಕು,” ಎಂದರು ಅತ್ತೆ.

ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ ಊಟಕ್ಕೆ ಕೂತರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು: “ಇವತ್ತಿನ ಅಡುಗೆ ಹೇಗಿದೆ, ನನಗೆ ಸ್ವಲ್ಪ ಹೇಳ್ತೀಯಾ?”

ಸೊಸೆ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಆಮೇಲೆ ಉಪ್ಪಿನಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ತಿಂದರು.